ಭೂಕಂಪವನ್ನು ಅಳೆದ ಚಾರ್ಲ್ಸ್ ರಿಕ್ಟರ್

1993ರ ಲಾತೂರು, 2001ರ ಭುಜ್ ಭೂಕಂಪಗಳ ಸಂದರ್ಭದಲ್ಲಿ ನಾವೆಲ್ಲರೂ ಕೇಳಿದ ಹೆಸರು ರಿಕ್ಟರ್. 1900ರಲ್ಲಿ ಅಮೆರಿಕದ ಒಹಾಯೋದಲ್ಲಿ ಜನಿಸಿದ ಚಾರ್ಲ್ಸ್ ರಿಕ್ಟರ್ ಕ್ಯಾಲಿಫೋರ್ನಿಯಾದಲ್ಲಿ ಬೆಳೆದು ಭೂಕಂಪ ವಿಜ್ಞಾನಿಯಾದರು. ಬೆನೊ ಗುಟೆನ್‌ಬರ್ಗ್ ಅವರ ನೆರವಿನಿಂದ 1935ರಲ್ಲಿ ಅವರು ರೂಪಿಸಿದ ಮಾಪಕವು, ಉಪಕರಣದಲ್ಲಿ ದಾಖಲಾದ ಅಲೆಯ ಎತ್ತರವನ್ನೂ ಕಂಪನಕೇಂದ್ರದ ದೂರವನ್ನೂ ಗಣಿಸಿ ಭೂಕಂಪಕ್ಕೊಂದು ಅಂಕಿಯನ್ನು ನೀಡಿತು. ಒಂದಂಕಿ ಏರಿದರೆ ಅಲೆಯ ಎತ್ತರ 10 ಪಟ್ಟು, ಶಕ್ತಿ ಸುಮಾರು 32 ಪಟ್ಟು ಹೆಚ್ಚು.

ಆದರೆ ನೂರಾರು ಕಿಲೋಮೀಟರ್ ಉದ್ದಕ್ಕೆ ಶಿಲಾಸ್ತರ ಬಿರಿದಾಗ ಅದರ ಅಗಾಧತೆ ವ್ಯಕ್ತವಾಗುವುದು ನಿಧಾನವಾಗಿ ತೂಗುವ ದೀರ್ಘ ಅಲೆಗಳಲ್ಲಿ. ಅದು ಈ ಮಾಪಕಕ್ಕೆ ನಿಲುಕದು. ಆದ್ದರಿಂದಲೇ 1979ರಲ್ಲಿ ಬಿರುಕಿನ ವಿಸ್ತಾರ, ಶಿಲೆ ಜಾರಿದ ದೂರ ಹಾಗೂ ಅದರ ಬಿಗಿತವನ್ನು ಆಧರಿಸಿದ ಮೊಮೆಂಟ್ ಮಾಪಕ ಬಂದಿತು. 1960ರ ಚಿಲಿ ಭೂಕಂಪದ ಪ್ರಮಾಣ 9.5 ಎಂಬುದು ಈ ಮಾಪಕದ ಲೆಕ್ಕವೇ.

ರಿಕ್ಟರ್ 1985ರಲ್ಲಿ ನಿಧನರಾದರು. ಮಾಪಕ ಬದಲಾದರೂ ಭೂಮಿ ನಡುಗಿದಾಗ ನಾವು ಇಂದಿಗೂ ನೆನೆಯುವುದು ಅವರ ಹೆಸರನ್ನೇ.