ಎರಡು ಚುಕ್ಕಿಯಲ್ಲಿ ಪರಮಾಣುಗಳ ನಂಟು ತೋರಿಸಿದ ಲೂಯಿಸ್. 41 ಬಾರಿ ಹೆಸರು ಹೋದರೂ ಒಲಿಯಲಿಲ್ಲ ನೊಬೆಲ್!

ಪಿಯುಸಿ ಅಥವಾ 11ನೇ ತರಗತಿಯಲ್ಲಿ ರಸಾಯನಶಾಸ್ತ್ರ ಓದಿದವರೆಲ್ಲ ಒಮ್ಮೆಯಾದರೂ ಈ ಚಿತ್ರ ಬರೆದಿರುತ್ತಾರೆ. ನಡುವೆ ಆಮ್ಲಜನಕ, ಅಕ್ಕಪಕ್ಕ ಎರಡು ಜಲಜನಕ, ಆಮ್ಲಜನಕದ ಸುತ್ತ ಎಂಟು ಚುಕ್ಕಿ. ನೀರಿನ ಅಣುವನ್ನು ಹೀಗೆ ಚುಕ್ಕಿಗಳಲ್ಲಿ ತೋರಿಸುವ ವಿಧಾನ ಕೊಟ್ಟವರು ಅಮೆರಿಕದ ರಸಾಯನ ವಿಜ್ಞಾನಿ ಗಿಲ್ಬರ್ಟ್ ನ್ಯೂಟನ್ ಲೂಯಿಸ್. ನೊಬೆಲ್ ಪ್ರಶಸ್ತಿಗೆ ಅವರ ಹೆಸರು 41 ಬಾರಿ ನಾಮನಿರ್ದೇಶನಗೊಂಡಿತ್ತು. ಆದರೆ ಪ್ರಶಸ್ತಿ ಒಮ್ಮೆಯೂ ಬರಲಿಲ್ಲ.

ಪಾಠಕ್ಕಾಗಿ ಬರೆದ ಪೆಟ್ಟಿಗೆ

ಲೂಯಿಸ್ ಹುಟ್ಟಿದ್ದು 1875ರ ಅಕ್ಟೋಬರ್ 23ರಂದು, ಮ್ಯಾಸಚೂಸೆಟ್ಸ್‌ನ ವೇಮತ್‌ನಲ್ಲಿ. ಬೆಳೆದದ್ದು ನೆಬ್ರಾಸ್ಕಾದಲ್ಲಿ. 1899ರಲ್ಲಿ ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮುಗಿಸಿದ ಅವರು, ಜರ್ಮನಿಯಲ್ಲಿ ಕೆಲಕಾಲ ಅಧ್ಯಯನ ಮಾಡಿ ಮತ್ತೆ ಹಾರ್ವರ್ಡ್‌ಗೆ ಬಂದು ಪಾಠ ಮಾಡತೊಡಗಿದರು.

ಆಗ ಎಲೆಕ್ಟ್ರಾನ್ ಪತ್ತೆಯಾಗಿ ಐದು ವರ್ಷವಷ್ಟೇ ಆಗಿತ್ತು. ನ್ಯೂಕ್ಲಿಯಸ್ ಇನ್ನೂ ಯಾರಿಗೂ ಗೊತ್ತಿರಲಿಲ್ಲ. 1902ರಲ್ಲಿ ವಿದ್ಯಾರ್ಥಿಗಳಿಗೆ ವೇಲೆನ್ಸಿ ಅರ್ಥಮಾಡಿಸಲು ಲೂಯಿಸ್ ಪರಮಾಣುವನ್ನು ಒಂದು ಚೌಕ ಪೆಟ್ಟಿಗೆಯಂತೆ ಬರೆದರು. ಅದರ ಎಂಟು ಮೂಲೆಗಳು ಎಲೆಕ್ಟ್ರಾನ್‌ಗಳ ಜಾಗ. ಎಂಟೂ ತುಂಬಿದರೆ ಪರಮಾಣು ಸ್ಥಿರ. ಇಂಥ ಊಹೆಗಳಿಗೆ ಅಲ್ಲಿ ಹೆಚ್ಚು ಉತ್ತೇಜನ ಇರಲಿಲ್ಲ. ಟಿಪ್ಪಣಿ 14 ವರ್ಷ ಹಾಗೇ ಉಳಿಯಿತು.

ಹಂಚಿಕೊಂಡರೆ ಇಬ್ಬರಿಗೂ ಲಾಭ

ಅಡುಗೆ ಉಪ್ಪಿನಲ್ಲಿ ಸೋಡಿಯಂ ಒಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಕ್ಲೋರಿನ್ ಅದನ್ನು ಪಡೆಯುತ್ತದೆ. ಒಂದು ಧನ, ಇನ್ನೊಂದು ಋಣ. ಎರಡೂ ಪರಸ್ಪರ ಸೆಳೆಯುತ್ತವೆ. ಆದರೆ ಒಂದೇ ಬಗೆಯ ಎರಡು ಜಲಜನಕ ಪರಮಾಣುಗಳು ಜೋಡಿಯಾಗುವುದೇಕೆ? ಅಲ್ಲಿ ಕೊಡುವವರು ಯಾರು, ಪಡೆಯುವವರು ಯಾರು?

ಇದಕ್ಕೆ 1916ರಲ್ಲಿ ಲೂಯಿಸ್ ಉತ್ತರ ಕೊಟ್ಟರು. ಎರಡೂ ಪರಮಾಣುಗಳು ತಲಾ ಒಂದು ಎಲೆಕ್ಟ್ರಾನ್ ತಂದು, ಆ ಜೋಡಿಯನ್ನು ಹಂಚಿಕೊಳ್ಳುತ್ತವೆ. ಜೋಡಿ ಎರಡೂ ಕಡೆಯ ಲೆಕ್ಕಕ್ಕೆ ಸೇರುತ್ತದೆ. ನೀರಿನಲ್ಲಿ ಆಮ್ಲಜನಕದ ಹೊರಕವಚದ ಆರು ಎಲೆಕ್ಟ್ರಾನ್‌ಗಳ ಜತೆ ಎರಡು ಜಲಜನಕಗಳ ಒಂದೊಂದು ಸೇರಿ ಎಂಟಾಗುತ್ತದೆ. ಪೆಟ್ಟಿಗೆ ಹೋಗಿ ಚುಕ್ಕಿ ಉಳಿಯಿತು. ಎರಡು ಚುಕ್ಕಿ ಎಂದರೆ ಒಂದು ಬಂಧ.

ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು

ಅಷ್ಟರಲ್ಲಿ ಮೊದಲ ಮಹಾಯುದ್ಧ ಅಡ್ಡಬಂತು. 1918ರಲ್ಲಿ ಲೂಯಿಸ್ ಸೇನೆಯ ರಾಸಾಯನಿಕ ಯುದ್ಧ ವಿಭಾಗದ ಅಧಿಕಾರಿಯಾಗಿ ಫ್ರಾನ್ಸ್‌ಗೆ ಹೋದರು. 1919ರಿಂದ ಅವರ ಸಿದ್ಧಾಂತವನ್ನು ವಿಸ್ತರಿಸಿ ಮನೆಮಾತಾಗಿಸಿದ್ದು ಇರ್ವಿಂಗ್ ಲಾಂಗ್ಮ್ಯೂರ್. ಸಹವೇಲೆನ್ಸೀಯ ಎಂಬ ಹೆಸರನ್ನು ಕೊಟ್ಟವರೂ ಅವರೇ. ಒಳ್ಳೆಯ ಮಾತುಗಾರರಾಗಿದ್ದ ಲಾಂಗ್ಮ್ಯೂರ್ ಹೆಸರೇ ಸಿದ್ಧಾಂತಕ್ಕೆ ಅಂಟಿಕೊಳ್ಳತೊಡಗಿದಾಗ, ಸಭೆ-ಸಮಾರಂಭಗಳಿಂದ ದೂರವಿರುತ್ತಿದ್ದ ಲೂಯಿಸ್‌ಗೆ ಬೇಸರವಾಯಿತು. ಲಾಂಗ್ಮ್ಯೂರ್ ಅವರಿಗೆ 1932ರಲ್ಲಿ ನೊಬೆಲ್ ಬಂತು. ಆದರೆ ಅದು ಮೇಲ್ಮೈ ರಸಾಯನಶಾಸ್ತ್ರಕ್ಕೆ ಸಂದದ್ದು.

ಲೂಯಿಸ್ ಕೆಲಸ ನಿಲ್ಲಿಸಲಿಲ್ಲ. 1923ರಲ್ಲಿ ಆಮ್ಲ-ಪ್ರತ್ಯಾಮ್ಲಗಳಿಗೆ ಹೊಸ ವ್ಯಾಖ್ಯಾನ ಕೊಟ್ಟರು. 1926ರಲ್ಲಿ ಫೋಟಾನ್ ಎಂಬ ಪದವನ್ನು ಬಳಕೆಗೆ ತಂದರು. 1933ರಲ್ಲಿ ಶುದ್ಧ ಭಾರಜಲವನ್ನು ಬೇರ್ಪಡಿಸಿದರು. ಆದರೆ 1934ರ ನೊಬೆಲ್ ಡ್ಯೂಟೀರಿಯಂ ಪತ್ತೆಗಾಗಿ ಹೆರಾಲ್ಡ್ ಯೂರಿ ಅವರ ಪಾಲಾಯಿತು. ಯೂರಿ ಪಿಎಚ್‌ಡಿ ಮಾಡಿದ್ದು ಲೂಯಿಸ್ 1912ರಿಂದ ಕಟ್ಟಿ ಬೆಳೆಸಿದ ಬರ್ಕ್ಲಿಯ ರಸಾಯನಶಾಸ್ತ್ರ ವಿಭಾಗದಲ್ಲೇ!

ಲ್ಯಾಬ್‌ನಲ್ಲೇ ಕೊನೆಯುಸಿರು

1946ರ ಮಾರ್ಚ್ 23. ಬರ್ಕ್ಲಿಯ ಪ್ರಯೋಗಾಲಯದಲ್ಲಿ ಹೈಡ್ರೋಜನ್ ಸಯನೈಡ್ ಬಳಸಿ ಪ್ರಯೋಗ ನಡೆಸುತ್ತಿದ್ದ 70 ವರ್ಷದ ಲೂಯಿಸ್ ಅಲ್ಲೇ ಮೃತಪಟ್ಟಿದ್ದರು. ಹೃದ್ರೋಗವೇ ಸಾವಿಗೆ ಕಾರಣ ಎಂದು ದಾಖಲಾಯಿತು.

ಮುಂದೆ ಬರ್ಕ್ಲಿಯ ಅದೇ ವಿಭಾಗದಲ್ಲಿ ಪಿಎಚ್‌ಡಿ ಪಡೆದ ವಿಲಿಯಂ ಜಿಯೋಕ್ 1949ರಲ್ಲಿ, ಗ್ಲೆನ್ ಸೀಬೋರ್ಗ್ 1951ರಲ್ಲಿ, ವಿಲ್ಲರ್ಡ್ ಲಿಬ್ಬಿ 1960ರಲ್ಲಿ ನೊಬೆಲ್ ಪಡೆದರು. ಗುರುವಿನ ಕೈಗೆ ಪದಕ ಬರಲಿಲ್ಲ. ಆದರೆ ಪಾಠಕ್ಕೆಂದು ಶುರುವಾದ ಅವರ ಚಿತ್ರ ಇಂದಿಗೂ ಇರುವುದು ಪಾಠದ ಕೋಣೆಯಲ್ಲೇ. ಪರಮಾಣುಗಳ ನಂಟನ್ನು ಮಕ್ಕಳು ಈಗಲೂ ಮೊದಲು ಕಲಿಯುವುದು ಲೂಯಿಸ್ ಇಟ್ಟ ಚುಕ್ಕಿಗಳಿಂದ.