ಮಣ್ಣನ್ನು ನಂಬಿದ ಹಸನ್ ಫಾತಿ

ಈಜಿಪ್ಟ್ ಅಂದ ಕೂಡಲೆ ನಮಗೆ ಕಲ್ಲಿನ ಪಿರಮಿಡ್ಡುಗಳು ನೆನಪಾಗುತ್ತವೆ. ಅದೇ ದೇಶದಲ್ಲಿ ಮಣ್ಣನ್ನು ನಂಬಿದ ಒಬ್ಬ ದೊಡ್ಡ ವಾಸ್ತುಶಿಲ್ಪಿ ಇದ್ದರು. ಅವರೇ ಹಸನ್ ಫಾತಿ. ಅವರ ಬಗ್ಗೆ ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಫಾತಿಯವರು 1900ನೇ ಇಸವಿ ಮಾರ್ಚ್ 23ರಂದು ಅಲೆಕ್ಸಾಂಡ್ರಿಯಾ ನಗರದಲ್ಲಿ ಜನಿಸಿದರು. ಸ್ಥಿತಿವಂತರ ಮನೆತನ. ಹಳ್ಳಿಯಲ್ಲಿ ಜಮೀನಿದ್ದರೂ ತಂದೆಗೆ ಹಳ್ಳಿ ಅಂದರೆ ಆಗುತ್ತಿರಲಿಲ್ಲ, ತಾಯಿಗೆ ಮಾತ್ರ ಬಹಳ ಪ್ರೀತಿ. 1926ರಲ್ಲಿ ಕೈರೋದಲ್ಲಿ ಓದು ಮುಗಿಸಿದ ಮೇಲೆ ಫಾತಿ ಜಮೀನಿಗೆ ಹೋಗಿ ರೈತರ ಮನೆಗಳ ದುಸ್ಥಿತಿಯನ್ನು ಕಣ್ಣಾರೆ ಕಂಡರು. ಸಿಮೆಂಟು, ಕಬ್ಬಿಣ ಕೊಳ್ಳಲು ಬಡವರ ಹತ್ತಿರ ದುಡ್ಡೆಲ್ಲಿ? ಮಣ್ಣಾದರೆ ಕಾಲ ಕೆಳಗೇ ಇದೆ.

ಗೋಡೆಯೇನೋ ಮಣ್ಣಿನದಾಯಿತು, ಸೂರು? ಎರಡನೇ ಮಹಾಯುದ್ಧದ ಕಾಲದಲ್ಲಿ ಮರ, ಕಬ್ಬಿಣ ಸಿಗುತ್ತಿರಲಿಲ್ಲ. ಹಸಿ ಇಟ್ಟಿಗೆಯಿಂದಲೇ ಕಮಾನು ಕಟ್ಟಲು ನೋಡಿದರು, ಅದು ಕುಸಿದು ಬಿತ್ತು. ದಕ್ಷಿಣದ ನೂಬಿಯಾ ಜನರು ಮರದ ಆಸರೆಯಿಲ್ಲದೆ ಸೂರು ಕಟ್ಟುತ್ತಾರೆಂದು ಅಣ್ಣನಿಂದ ತಿಳಿಯಿತು. ಫಾತಿ 1941ರಲ್ಲಿ ಅಸ್ವಾನ್ ಕಡೆಗೆ ಹೋಗಿ ಆ ಮೇಸ್ತ್ರಿಗಳನ್ನು ಹುಡುಕಿದರು.

ಅವರ ಉಪಾಯ ಕೇಳಿ. ಕೋಣೆಯ ಹಿಂದಿನ ಗೋಡೆಯನ್ನು ಎತ್ತರಕ್ಕೆ ಕಟ್ಟಿ, ಕಮಾನಿನ ಮೊದಲ ಸಾಲನ್ನು ಅದಕ್ಕೆ ಓರೆಯಾಗಿ ಒರಗಿಸುತ್ತಾರೆ. ಮುಂದಿನ ಒಂದೊಂದು ಸಾಲೂ ಹಿಂದಿನದಕ್ಕೆ ಒರಗುತ್ತದೆ. ಇಟ್ಟಿಗೆ ತೆಳುವಾಗಿರುತ್ತದೆ, ಹಗುರಾಗಲಿ ಅಂತ ಹುಲ್ಲು ಹೆಚ್ಚು ಬೆರೆಸುತ್ತಾರೆ. ಹಸಿಯಿದ್ದಾಗಲೇ ಬೆರಳಿನಿಂದ ಗೀರಿರುತ್ತಾರೆ, ಕೆಸರು ಗಟ್ಟಿಯಾಗಿ ಹಿಡಿಯುತ್ತದೆ. ಸೆಂಟ್ರಿಂಗ್ ಬೇಕಿಲ್ಲ! ಲಕ್ಸರ್ ಬಳಿ ಎರಡನೇ ರಾಮ್ಸೆಸ್ ದೊರೆಯ ಕಾಲದ ಇಂಥ ಉಗ್ರಾಣಗಳು 3,000 ವರ್ಷ ದಾಟಿ ಇನ್ನೂ ನಿಂತಿವೆ.

ಅಲ್ಲಿಯೇ ಗೂರ್ನಾ ಎಂಬ ಊರಿನ ಜನ ಪುರಾತನ ಗೋರಿಗಳ ಮೇಲೆ ವಾಸವಿದ್ದರು. ಗೋರಿಗಳಲ್ಲಿ ಕಳ್ಳತನ ಹೆಚ್ಚಿತ್ತು. ಪರಂಪರೆಯನ್ನು ಉಳಿಸಲು ಸುಮಾರು 7,000 ಜನರನ್ನು ಹೊಸ ಊರಿಗೆ ಕಳಿಸಲು ಸರ್ಕಾರ ನಿರ್ಧರಿಸಿ, 1945ರಲ್ಲಿ ಫಾತಿಯವರಿಗೆ ಕೆಲಸ ವಹಿಸಿತು. ಅವರು ನೂಬಿಯಾದ ಮೇಸ್ತ್ರಿಗಳನ್ನು ಕರೆಸಿ ಮಸೀದಿ, ಸಂತೆಕಟ್ಟೆ, ಶಾಲೆ, ನಾಟಕಶಾಲೆ, ಮನೆಗಳನ್ನು ಮಣ್ಣಿನಲ್ಲಿ ಕಟ್ಟಿಸಿದರು. ಆದರೆ ಜನ ಒಪ್ಪಲಿಲ್ಲ. ಯಾಕಂದ್ರೆ ಅವರ ಹೊಟ್ಟೆಪಾಡು ಹಳೇ ಊರಲ್ಲೇ ಇತ್ತು. ಯಾರೋ ಕಟ್ಟೆ ಒಡೆದು ಹೊಸ ಊರಿಗೆ ನೀರು ನುಗ್ಗಿಸಿದರು. ಕಚೇರಿಗಳಲ್ಲೂ ತಕರಾರು ಶುರುವಾಗಿ 1948ರಲ್ಲಿ ಕೆಲಸ ಅರ್ಧಕ್ಕೇ ನಿಂತಿತು. ಜನರದು ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಅನ್ನದ ದಾರಿ ತೋರಿಸದೆ ಮನೆ ಬದಲಿಸು ಅಂದರೆ ಯಾರು ತಾನೇ ಹೋಗುತ್ತಾರೆ?

ಫಾತಿ ಈ ಸೋಲನ್ನು ಮುಚ್ಚಿಡಲಿಲ್ಲ. ಅದನ್ನೇ ಪುಸ್ತಕವಾಗಿ ಬರೆದು 1969ರಲ್ಲಿ ಪ್ರಕಟಿಸಿದರು. ಅದರಿಂದಲೇ ಲೋಕಕ್ಕೆಲ್ಲ ಹೆಸರಾದರು. 1980ರಲ್ಲಿ ಆಗಾ ಖಾನ್ ಪ್ರಶಸ್ತಿಯ ವಿಶೇಷ ಗೌರವ ದೊರೆಯಿತು. 1989ರ ನವೆಂಬರ್ 30ರಂದು ಕೈರೋದಲ್ಲಿ ತೀರಿಕೊಂಡರು. ಹೊಸ ಗೂರ್ನಾದಲ್ಲಿ ಅವರು ಕಟ್ಟಿಸಿದ ಎಷ್ಟೋ ಮನೆಗಳು ಹಾಳಾಗಿವೆ, ಉಳಿದವೇ ಈಗ ಕಾಪಾಡಬೇಕಾದ ಪರಂಪರೆಯಾಗಿವೆ.

ಲೋಕದ ಇಂಗಾಲದ ಡೈಆಕ್ಸೈಡ್ ಹೊಗೆಯಲ್ಲಿ ನೂರಕ್ಕೆ ಸುಮಾರು 7–8 ಪಾಲು ಸಿಮೆಂಟಿನಿಂದ ಬರುತ್ತದಂತೆ. ಹಸಿ ಇಟ್ಟಿಗೆಗೆ ಬಿಸಿಲೇ ಸಾಕು, ಸುಡಲು ಸೌದೆ ಬೇಡ. ಆದರೂ ನನಗೆ ಹೆಚ್ಚು ಹಿಡಿಸಿದ್ದು ಬೇರೆ. ಇಷ್ಟು ಓದಿದವರು ಮೇಸ್ತ್ರಿಗಳ ಮುಂದೆ ಶಿಷ್ಯರಾಗಿ ನಿಂತರಲ್ಲ, ಅದು. ನಮ್ಮೂರ ಮಣ್ಣಿನ ಗೋಡೆ ಕಟ್ಟಿದ ಅಜ್ಜಂದಿರನ್ನು ನಾವೂ ಒಂದು ಮಾತು ಕೇಳಿ ಬರೆದಿಟ್ಟುಕೊಳ್ಳೋಣ.