ಲೂಗೊ ಕಾರ್ಡಿನಲರ ಕಹಿ ಪುಡಿ

ಮಲೇರಿಯಾ ಎಂಬುದು ಇಟಲಿಯವರ ಮಾತು. ಕೆಟ್ಟ ಗಾಳಿ ಎಂದು ಅದರ ಅರ್ಥ. ರೋಮ್ ನಗರದ ಸುತ್ತಲಿನ ಜೌಗು ನೆಲದಿಂದ ಏಳುವ ಗಾಳಿಯೇ ಚಳಿಜ್ವರಕ್ಕೆ ಕಾರಣವೆಂದು ಜನ ನಂಬಿದ್ದರು. ಸೊಳ್ಳೆಯ ಕೈವಾಡ ಬಯಲಾದದ್ದು 1897ರಲ್ಲಿ, ಅದೂ ನಮ್ಮ ಸಿಕಂದರಾಬಾದಿನಲ್ಲಿ. 1623ರ ಬೇಸಿಗೆಯಲ್ಲಿ ಹೊಸ ಜಗದ್ಗುರುಗಳ ಆಯ್ಕೆಗೆ ಸೇರಿದ್ದ ಕಾರ್ಡಿನಲರಲ್ಲಿ ಹಲವರು ಈ ಜ್ವರದಿಂದ ಮಲಗಿದರು. ಆಯ್ಕೆಯಾದ ಎಂಟನೆಯ ಉರ್ಬಾನರೂ ಹಾಸಿಗೆ ಹಿಡಿದರು.

ಅದೇ ರೋಮಿನಲ್ಲಿ 1621ರಿಂದ ದೈವಶಾಸ್ತ್ರ ಬೋಧಿಸುತ್ತಿದ್ದವರು ಯೇಸುಸಭೆಯ ಗುರು ಹುವಾನ್ ದೆ ಲೂಗೊ. 1583ರಲ್ಲಿ ಮ್ಯಾಡ್ರಿಡ್‌ನಲ್ಲಿ ಜನಿಸಿದ ಇವರು ಕಾನೂನು ಓದಲು ಸಲಮಾಂಕಕ್ಕೆ ಹೋಗಿ, ಅಣ್ಣನ ಹಾದಿ ಹಿಡಿದು 1603ರಲ್ಲಿ ಯೇಸುಸಭೆ ಸೇರಿದ್ದರು. ಸಂತ ಅಲ್ಫೋನ್ಸ್ ಲಿಗೋರಿಯವರು ದೈವಶಾಸ್ತ್ರಜ್ಞರಲ್ಲಿ ಸಂತ ತೋಮಾಸ್ ಅಕ್ವಿನಾಸರ ನಂತರದ ಸ್ಥಾನವನ್ನು ಇವರಿಗೆ ಕೊಟ್ಟಿದ್ದಾರೆ. ಗುರುಮಠದಲ್ಲಿ ಓದಿದವರಿಗೆ ಇವರ ಹೆಸರು ಹೊಸದಲ್ಲ. ನ್ಯಾಯದ ಕುರಿತ ಇವರ ಹೆಬ್ಬೊತ್ತಗೆ 1642ರಲ್ಲಿ ಹೊರಬಂತು. ಒಂದು ವಸ್ತುವಿನ ನ್ಯಾಯವಾದ ಬೆಲೆ ಕರಾರುವಾಕ್ಕಾಗಿ ದೇವರೊಬ್ಬನಿಗೇ ಗೊತ್ತು ಎಂಬುದು ಇವರ ಅಭಿಪ್ರಾಯವಾಗಿತ್ತು. ಮರುವರ್ಷವೇ ಉರ್ಬಾನರು ಇವರನ್ನು ಕಾರ್ಡಿನಲ್ ಮಾಡಿದರು.

ಆ ಹೊತ್ತಿಗೆ ಪೆರುವಿನ ಯೇಸುಸಭೆಯವರು ಒಂದು ಮರದ ತೊಗಟೆಯನ್ನು ರೋಮಿಗೆ ಕಳಿಸತೊಡಗಿದ್ದರು. ಆಂಡೀಸ್ ಪರ್ವತದ ಆ ಮರವೇ ಸಿಂಕೋನಾ. ಪೆರುವಿನ ವೈಸರಾಯ್ ಪತ್ನಿ ಅದರಿಂದ ಗುಣಹೊಂದಿ ಅದನ್ನು ಯುರೋಪಿಗೆ ತಂದಳೆಂಬ ಕಥೆಯುಂಟು. ಮರಕ್ಕೆ ಹೆಸರು ಬಂದದ್ದೂ ಆ ಕಥೆಯಿಂದಲೇ, ಆದರೆ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ.

ಲೂಗೊ ಅವರು ಕೇಳಿದ್ದನ್ನೆಲ್ಲ ನಂಬುವವರಲ್ಲ. ಹತ್ತನೆಯ ಇನ್ನೊಸೆಂಟ್ ಜಗದ್ಗುರುಗಳ ವೈದ್ಯರಾದ ಗಾಬ್ರಿಯೇಲೆ ಫೊನ್ಸೇಕ ಅವರಿಂದ ಮೊದಲು ಪರೀಕ್ಷೆ ಮಾಡಿಸಿದರು. ಅನುಕೂಲವಾದ ವರದಿ ಬಂದ ಮೇಲೆ ತಮ್ಮ ಹಣದಿಂದಲೇ ತೊಗಟೆ ಕೊಂಡು, ಮನೆಬಾಗಿಲಿಗೆ ಬಂದ ಬಡಬಗ್ಗರಿಗೆ ರೊಟ್ಟಿಯ ಜೊತೆ ಪುಡಿಯನ್ನೂ ಹಂಚಿದರು. ಬೆಲೆಯ ಬಗ್ಗೆ ಪುಟಗಟ್ಟಲೆ ಬರೆದ ಈ ಪಂಡಿತರು ಬಡವರಿಂದ ಬೆಲೆ ಕೇಳಲಿಲ್ಲ. ಸಾಂತೊ ಸ್ಪಿರಿತೊ ಆಸ್ಪತ್ರೆಯ ರೋಗಿಗಳಿಗೂ ಅದು ಸಿಕ್ಕಿತು. ಜನ ಅದನ್ನು ಲೂಗೊ ಪುಡಿ, ಕಾರ್ಡಿನಲರ ಪುಡಿ ಎಂದೇ ಕರೆದರು. 1649ರಲ್ಲಿ ಸೇವನೆಯ ಕ್ರಮ ವಿವರಿಸುವ ಒಂದು ಚೀಟಿಯೂ ರೋಮಿನಲ್ಲಿ ಅಚ್ಚಾಯಿತು: ಎರಡು ಡ್ರಾಮ್ ಪುಡಿಯನ್ನು ದ್ರಾಕ್ಷಾರಸದಲ್ಲಿ ನೆನೆಸಿ, ಚಳಿ ಹತ್ತುವ ಹೊತ್ತಿಗೆ ಕುಡಿಯಬೇಕು.

ವಿರೋಧವೂ ಹುಟ್ಟಿತು. ಹಳೆಯ ವೈದ್ಯಗ್ರಂಥಗಳಲ್ಲಿ ಇಲ್ಲದ ಮದ್ದು ಎಂದು ವೈದ್ಯರು ಮೂಗು ಮುರಿದರು. ಯೇಸುಸಭೆಯವರ ಪುಡಿ ಎಂಬ ಹೆಸರೇ ಇಂಗ್ಲೆಂಡಿನ ಪ್ರೊಟೆಸ್ಟಂಟರಿಗೆ ಸಂಶಯ ತಂದಿತು. ಆಸ್ಟ್ರಿಯದ ರಾಜಕುಮಾರ ಲಿಯೊಪೋಲ್ಡ್ ವಿಲ್ಹೆಲ್ಮನ ಜ್ವರ ಪುಡಿಯಿಂದ ಇಳಿದು ಸ್ವಲ್ಪ ದಿನಕ್ಕೇ ಮರುಕಳಿಸಲು, ಸಿಟ್ಟಾದ ಅವನು ತನ್ನ ವೈದ್ಯ ಶಿಫ್ಲೆಯಿಂದ 1653ರಲ್ಲಿ ಖಂಡನೆಯ ಪುಸ್ತಕವನ್ನೇ ಬರೆಸಿದ. ರೋಗಾಣು ರಕ್ತದಲ್ಲಿ ಉಳಿದರೆ ಜ್ವರ ಮರಳುತ್ತದೆಂದು ಈಗ ಬಲ್ಲೆವು. ಅಂದು ಯಾರಿಗೆ ಗೊತ್ತು? ಯೇಸುಸಭೆಯ ಗುರು ಒನೊರೆ ಫಾಬ್ರಿ ಬೇರೆ ಹೆಸರಿನಲ್ಲಿ 1655ರಲ್ಲಿ ಉತ್ತರ ಬರೆದರು. ಲೂಗೊ ಅವರು ಪುಡಿ ಹಂಚುವುದನ್ನು ಬಿಡಲಿಲ್ಲ.

1660ರ ಆಗಸ್ಟ್ 20ರಂದು ಅವರು ರೋಮಿನಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆಯೇ ಜೆಸು ದೇವಾಲಯದಲ್ಲಿ ಸಂತ ಇಗ್ನಾಸಿಯವರ ಸಮಾಧಿಯ ಬಳಿ ಅವರನ್ನು ಮಣ್ಣು ಮಾಡಲಾಯಿತು. ಆ ತೊಗಟೆಯಿಂದ ಕ್ವಿನೀನನ್ನು ಪ್ಯಾರಿಸ್ಸಿನ ಪೆಲೆತಿಯೆ ಮತ್ತು ಕವಂತು ಬೇರ್ಪಡಿಸಿದ್ದು 1820ರಲ್ಲಿ. ನಮ್ಮ ಪಕ್ಕದ ನೀಲಗಿರಿಯಲ್ಲಿ ಸಿಂಕೋನಾ ಗಿಡಗಳು ಬೇರೂರಿದ್ದು ಇನ್ನೂ ನಾಲ್ಕು ದಶಕಗಳ ನಂತರ.